ಹನ್ನೊಂದು ಪಾಯಿಂಟ್ ನಾಲ್ಕು

...ನೀ ಬಡಿ ಚಿಗವ್ವ, ಬಡಿ. ನಾ ಬಂದೀನಂತ ರೊಟ್ಟಿ ನಿಲ್ಲಿಸಬ್ಯಾಡ. ಹಂಚು ಕಾದೈತಿ. ನಾ ಇಲ್ಲೇ ಕಂಬಕ್ಕ ಬೆನ್ನು ಕೊಟ್ಟು ಕುಂದ್ರತೀನಿ. ಚಾ ಬ್ಯಾಡ, ನೀರೂ ಬ್ಯಾಡ... ನೀ ಕೇಳೇ ಇಲ್ಲ ಬಿಡು. ಕೇಳಲಿ ಅಂತ ಬಂದಾಂವ ಅಲ್ಲ ನಾನು.

ಕಾಗದ ಅಲ್ಲಿ ಹಿಟ್ಟಿನ ಡಬ್ಬಿ ಮ್ಯಾಲ ಇಟ್ಟೀನಿ. ಇಂಗ್ಲೀಷಿನಾಗ ಐತಿ. ನಾರಾಯಣಪೇಟ ಕೋರ್ಟಿನಾಗ ನವನೀತಾ ಅಂತ ವಕೀಲಮ್ಮ ಅದಾರ, ಅವ್ರು ತಯಾರ್ ಮಾಡಿದ್ದು. ನಿಂದೊಂದು ಸಹಿ ಬೇಕು. ತೆಲುಗಿನಾಗ ಮಾಡಿದ್ರೂ ನಡೀತೈತಿ. ಅವಸರ ಇಲ್ಲ. ಮೊದಲ ಎಲ್ಲಾ ಹೇಳ್ತೀನಿ, ಆಮ್ಯಾಲ ಅದನ್ನ ಕನ್ನಡದಾಗ ಓದಿ ಹೇಳ್ತೀನಿ, ಆಮ್ಯಾಲ ನೀ ಸಹಿ ಮಾಡು. ಸೋಮವಾರ ಕೋರ್ಟಿನಾಗ ಪೇಶಿ ಐತಿ ನಂದು, ವಿಚಾರಣಿ.

ಕೂಸು ಮಲಗೇತೇನು? ಮಲಗಲಿ, ಮಲಗಲಿ. ಸಣ್ಣ ದನೀಲೇ ಮಾತಾಡ್ತೀನಿ. ಥೇಟ್ ಅದರವ್ವ ಝಾನ್ಸಿದ ಮೂಗು ಬಂದೈತಿ ನೋಡು ಅದಕ್ಕ... ಆತು, ಆತು. ಹಂಗ ನೋಡಬ್ಯಾಡ. ಆದ್ರ ಅಕಿ ಹೆಸರು ತಗೀಲಾರದ ಈ ಮಾತು ಹೆಂಗ ಹೇಳ್ಲಿ? ನೀನೇ ಹೇಳು.

ಓಣಿ ಮಂದಿ ಏನಂತಾರ ಅಂತ ನನಗ ಗೊತ್ತೈತಿ. ನಿನ್ನೆ ಬಸ್ ಸ್ಟ್ಯಾಂಡಿನಾಗ ಆಟೋ ಮಾರೆಪ್ಪ ನನ್ನ ನೋಡಿ ಉಗುಳಿದ. ಮೈಮ್ಯಾಲಲ್ಲ, ಬಾಜೂಕ. ಆದ್ರ ಉಗುಳಿದ್ದು ನನಗ. ಅಂವಗ ಸಕ್ಕರಿ ಬ್ಯಾನಿ ಇಲ್ಲಂತ ನಮ್ಮ ರಕ್ತ ಪರೀಕ್ಷೆ ಸೆಂಟರಿನಿಂದ ಕಾಗದ ಕೊಟ್ಟಿದ್ವಿ, ಅಂವ ಮೂರು ತಿಂಗಳು ಗುಳಿಗಿ ಬಿಟ್ಟ, ಕಾಲಿನ ಬೆರಳು ತಗಸೂ ಹೊತ್ತು ಬಂತು. ನಾನೇ ಹೋಗಿ ಕೊಯ್ದೆನೇನು? ಕಂಪನಿ ಸುಳ್ಳು ಕಾಗದ ಕೊಡಾಕತ್ತೈತಿ ಅಂತ ಬಾಯಿ ಬಿಟ್ಟು ಹೇಳಿದಾಂವ ಯಾರು? ನಾನು! ಈ ಮಕ್ತಲ್ದಾಗ, ನಾರಾಯಣಪೇಟದಾಗ, ಗದ್ವಾಲದಾಗ ಅವ್ರ ಕಡೆ ದುಡಿಯೋರು ನಲವತ್ತು ಮಂದಿ ಇದ್ವಿ. ಮೂವತ್ತೊಂಬತ್ತು ಮಂದಿ ಬಾಯಾಗ ನೀರು ಹಾಕ್ಕೊಂಡು ಕುಂತ್ರು. ಹೇಳಿದಾಂವ ನಾ ಒಬ್ಬನ. ಹೇಳಿದವ್ಗ ಉಗುಳೂದು. ಮಾಡಿದವ್ರು ಹೈದ್ರಾಬಾದಿನಾಗ ಗಾಜಿನ ರೂಮಿನಾಗ ಕುಂತು ಕಾಫಿ ಕುಡೀತಾರ.

ಶುರುವಿಂದ ಹೇಳ್ತೀನಿ ತಡಿ.

ರಾಯಚೂರಾಗ ಹನ್ನೆರಡು ವರ್ಷ ಲ್ಯಾಬಿನಾಗ ದುಡದೀನಿ ನಾನು, ನಿನಗ ಗೊತ್ತಿದ್ದದ್ದ. ಮುಂಜಾನೆ ಬಸ್ಸಿಗೆ ಹೋಗೂದು, ಸಂಜಿ ಬಸ್ಸಿಗೆ ಬರೂದು. ಕೃಷ್ಣಾ ಬ್ರಿಜ್ ದಾಟಿ ದಾಟಿ ಸಾಕಾಗಿತ್ತು. ಅಂಥಾದ್ರಾಗ ನಮ್ಮೂರ ಬಸ್ ಸ್ಟ್ಯಾಂಡ್ ಎದುರಿಗೇ ಆ ನೀಲಿ ಬೋರ್ಡ್ ಬಂತು. ಚುಕ್ಕ ಹೆಲ್ತ್. ತೆಲುಗಿನಾಗ ಚುಕ್ಕ ಅಂದ್ರ ಹನಿನೂ ಹೌದು, ನಕ್ಷತ್ರನೂ ಹೌದಲ್ಲ, ಅದಕ್ಕ ಆ ಹೆಸರು ಇಟ್ಟೀವಿ ಅಂದ್ರು. ಒಂದ್ ಹನಿ ರಕ್ತ, ಇಪ್ಪತ್ತು ಪರೀಕ್ಷೆ, ಮಾರನೇ ದಿನ ಫೋನಿಗೆ ರಿಪೋರ್ಟ್. ದೊಡ್ಡ ದವಾಖಾನಿಗೆ ಹೋಗೂ ಕಾರಣ ಇಲ್ಲ, ಪಾಳಿ ಹಚ್ಚೂ ಕಾರಣ ಇಲ್ಲ. ಬಿಳಿ ಕೋಟು ಕೊಟ್ರು ನನಗ, ಎದಿ ಮ್ಯಾಲ ನೀಲಿ ದಾರದಾಗ ಹೆಸರು ಹೊಲಿಸಿ. ನಮ್ಮವ್ವ ಆ ಕೋಟನ್ನ ಬ್ಯಾರೆ ಬಕೀಟಿನಾಗ ನೆನೀಸ್ತಿದ್ಲು, ಬಣ್ಣ ಹತ್ತೀತು ಅಂತ.

ಶುರು ಮಾಡಿದವ್ರು ಇಬ್ರು. ವಂಶಿ ಸಾರ್, ಕರುಣಾ ಮೇಡಂ. ಕರುಣಾ ಮೇಡಂ ಗದ್ವಾಲದಾಕಿನ, ಹೊರದೇಶಕ್ಕ ಹೋಗಿ ಕಲ್ತು ಬಂದಾಕಿ. ಕೂದಲಾ ಕತ್ತರಿಸಿದ್ರೇನಾತು, ಸೀರಿ ಮಾತ್ರ ನಮ್ಮ ಮಗ್ಗದ್ದ ಉಡ್ತಿದ್ಲು, ಟಿವಿಯವ್ರು ಬಂದಾಗ. ವಂಶಿ ಸಾರ್ ಬಾಳ ಮಾತಿನ ಮನಷ್ಯಾ. ಹೆಗಲ ಮ್ಯಾಲ ಕೈ ಹಾಕಿ ಮಾತಾಡ್ತಿದ್ದ. "ಬ್ರದರ್, ನೀವು ನೌಕರ ಅಲ್ಲ, ನೀವೇ ಕಂಪನಿ" ಅಂತಿದ್ದ. ನಾನೇ ಕಂಪನಿ ಅಂತ! ಈಗ ಕೋರ್ಟಿನಾಗ ಆ ಮಾತು ಎತ್ತಿದ್ರ ನೆನಪಿಲ್ಲ ಅಂತಾನ.

ಯಾಕ ನಗ್ತಿ? ...ಅದು ನಗಿ ಅಲ್ಲ ಬಿಡು. ಗೊತ್ತಾತು.

ಸೇರೂ ಮುಂದ ಇಪ್ಪತ್ತು ಪುಟದ ಕಾಗದಕ್ಕ ಸಹಿ ಮಾಡಿಸಿಕೊಂಡ್ರು. ಯಾರು ಓದ್ತಾರ ಚಿಗವ್ವ? ಪಗಾರ ಎಲ್ಲೈತಿ ಅಂತ ನೋಡಿದೆ, ರಜಾ ಎಷ್ಟು ಅಂತ ನೋಡಿದೆ, ಸಹಿ ಹೊಡದೆ. ಏಳನೇ ಪುಟದಾಗ ಇತ್ತಂತ. ಕಂಪನಿ ಒಳಗ ಕಂಡದ್ದು, ಕೇಳಿದ್ದು, ನೌಕರಿ ಬಿಟ್ಟಮ್ಯಾಲೂ ಹೊರಗ ಆಡಂಗಿಲ್ಲ ಅಂತ. ಆಡಿದ್ರ ಅದರಿಂದ ಆದ ನುಕಸಾನೆಲ್ಲಾ ನನ್ನ ತಲಿ ಮ್ಯಾಲ. ಆವತ್ತು ಪೆನ್ನು ಕೊಟ್ಟಾಕಿ ಕರುಣಾ ಮೇಡಂ. ಬಂಗಾರದ ಬಣ್ಣದ ಪೆನ್ನು. ಇಟ್ಕೋರಿ ಅಂದ್ಲು.

ಮಂದಿ ಬಂದ್ರು. ಹೆಂಗ ಬಂದ್ರು! ಕಂಪನಿ ನೋಡಿ ಬರಲಿಲ್ಲ, ನನ್ನ ನೋಡಿ ಬಂದ್ರು. ನಮ್ಮ ಶರಣಬಸವ ಅದಾನ, ಸೂಜಿ ಚುಚ್ಚಿದ್ದೇ ಗೊತ್ತಾಗಂಗಿಲ್ಲ ಅಂತ. ಮಾರೆಪ್ಪ ಬಂದ. ನೂಲು ಸುತ್ತೋ ತುಳಸಮ್ಮ ಬಂದ್ಲು. ಹಸುರು ಸೀರಿ ಉಟ್ಟ ಬಸುರ್‍ಯಾರು ಸಾಲಾಗಿ ಬಂದ್ರು. ನಾ ರಕ್ತ ತಗದು, ಸಣ್ಣ ಗಾಜಿನ ನಳಗಿಗೆ ಹಾಕಿ, ಮ್ಯಾಲ ಹೆಸರು ಬರದು, ಐಸ್ ಡಬ್ಬಿಯಾಗ ಇಡ್ತಿದ್ದೆ. ಡಬ್ಬಿ ಮಧ್ಯಾಹ್ನದ ಗಾಡ್ಯಾಗ ಗದ್ವಾಲದ ಲ್ಯಾಬಿಗೆ ಹೋಗ್ತಿತ್ತು. ರಿಪೋರ್ಟ್ ಅಲ್ಲಿಂದ ಬರ್ತಿತ್ತು. ಅಲ್ಲಿಂದ, ಚಿಗವ್ವ. ಗದ್ವಾಲದಿಂದ. ಇದೊಂದು ಮಾತು ನೀ ನೆನಪಿಟ್ಕೋಬೇಕು. ಜಡ್ಜ್ ಸಾಹೇಬ್ರು ಕೇಳಿದ್ರ ಹೇಳಾಕ ಬರಬೇಕು.

ರೊಟ್ಟಿ ಕರದೀತು, ತಿರುವು...

ಈಗ ಝಾನ್ಸಿದು. ಕಾರಹುಣ್ಣಿವಿ ವಾರ ಅದು. ಅಕಿಗೆ ಏಳು ತಿಂಗಳು ನಡದಿತ್ತು. ಗಂಡನ ಮನಿ ಶಾಂತಿನಗರದಿಂದ ಬಾಣಂತನಕ್ಕ ಅಂತ ನಿನ್ನ ಮನಿಗೆ ಬಂದಿದ್ಲು. ಸೆಂಟರಿಗೆ ಒಬ್ಬಾಕಿನ ಬಂದ್ಲು. ಮಾರನೇ ದಿನ ರಿಪೋರ್ಟ್ ಬಂತು. ರಕ್ತ ಹನ್ನೊಂದು ಪಾಯಿಂಟ್ ನಾಲ್ಕು. ಅಂದ್ರ ಬಸುರಿಗೆ ಚಲೋ ರಕ್ತ. ಅದನ್ನ ನೋಡೇ ಇಲ್ಲಿ ಸರ್ಕಾರಿ ದವಾಖಾನಿ ಡಾಕ್ಟ್ರು, ಏನ್ ಚಿಂತಿ ಇಲ್ಲ, ಹೆರಿಗಿ ಇಲ್ಲೇ ಆಗ್ತೈತಿ ಅಂದ್ರು. ರಕ್ತ ಕಡಿಮಿ ಐತಿ ಅಂತ ಗೊತ್ತಿದ್ರ ಎರಡು ತಿಂಗಳು ಮೊದಲ ರಾಯಚೂರಿಗೆ ಕಳಸ್ತಿದ್ರು, ಬಾಟ್ಲಿ ರಕ್ತ ತಯಾರ್ ಇಟ್ಕೋತಿದ್ರು. ಡಾಕ್ಟರ್ದು ತಪ್ಪಿಲ್ಲ. ಕಾಗದ ನಂಬಿದ್ರು. ಶ್ರಾವಣದಾಗ ಹೆತ್ಲು, ರಕ್ತ ನಿಲ್ಲಲಿಲ್ಲ, 108 ಗಾಡ್ಯಾಗ ಹಾಕ್ಕೊಂಡು ರಾಯಚೂರಿಗೆ... ನೀ ಇದ್ದಿ ಗಾಡ್ಯಾಗ. ನಾ ಏನ್ ಹೇಳೂದು ನಿನಗ? ಅಲ್ಲಿ ಪರೀಕ್ಷೆ ಮಾಡಿದ್ರ ಐದೂ ಇರಲಿಲ್ಲ. ಹೆರಿಗ್ಯಾಗ ಹೋದ ರಕ್ತ ಬಿಟ್ಟು ಲೆಕ್ಕ ಹಾಕಿದ್ರೂ ಮೊದಲಿಂದ ಕಡಿಮಿನ ಇತ್ತು, ಇದನ್ನ ಯಾರೂ ನೋಡಿಲ್ಲೇನು ಅಂತ ರಾಯಚೂರ್ ಡಾಕ್ಟ್ರು ಒದರಾಡಿದ್ರಂತ. ನೀನೇ ಮಣ್ಣಿನ ದಿನ ಎಲ್ಲರ ಮುಂದ ಹೇಳಿದ್ದಿ. ನಾ ಹಿಂದ ನಿಂತಿದ್ದೆ, ಬೇವಿನ ಗಿಡದ ಕೆಳಗ.

ಅಳಬ್ಯಾಡ ಅಂತ ಹೆಂಗ ಹೇಳ್ಲಿ... ಅಳ್ತಿಲ್ಲ ನೀ. ಹೊಗಿ. ಹೌದು, ಹೊಗಿ ಬಾಳ ಐತಿ.

ಆವತ್ತ ನಿರ್ಧಾರ ಮಾಡಿದೆ. ಇದನ್ನ ಬಿಡಬಾರದು ಅಂತ. ಮೊದಲ ಕಣ್ಣಾರೆ ನೋಡಬೇಕಲ್ಲ? ಬೈಕ್ ತಗೊಂಡು ಗದ್ವಾಲಿಗೆ ಹ್ವಾದೆ. ಬಿಸಿಲು ಅಂದ್ರ ಬಿಸಿಲು ಚಿಗವ್ವ, ಜೂರಾಲ ಡ್ಯಾಮಿನ ಮ್ಯಾಲ ಹೊಂಟ್ರ ಕೆಳಗ ಬಂಡಿಗಲ್ಲು ಕಾಣ್ತಿದ್ವು, ನೀರು ತಳ ಹಿಡದಿತ್ತು. ಮೀನು ಹುರಿಯೋ ಅಂಗಡಿಯವ್ರು ಸೈತ ಗಿರಾಕಿ ಇಲ್ಲಂತ ಮಲಗಿದ್ರು. ಲ್ಯಾಬು ಕೋಟೆ ಹಿಂದಿನ ಓಣ್ಯಾಗ, ಮ್ಯಾಲಿನ ಅಂತಸ್ತಿನಾಗ. ಗಾಜಿನ ಬಾಗಿಲು, ಒಳಗ ತಂಪು. ಮಿಷನ್ ಇತ್ತು. ಅಷ್ಟು ದೊಡ್ಡದು, ಬೀರುವಿನಷ್ಟು. ಆದ್ರ ಪ್ಲಾಸ್ಟಿಕ್ ಹೊದಿಸಿದ್ರು. ವೈರು ಗ್ವಾಡಿಗೆ ಹತ್ತಿರಲಿಲ್ಲ, ಕೆಳಗ ಬಿದ್ದಿತ್ತು. ಮಿಷನ್ ಮ್ಯಾಲ ಯಾರದೋ ಟಿಫಿನ್ ಡಬ್ಬಿ. ಅಲ್ಲಿ ಸಾಯಿನಾಥ ಅಂತ ಕಂಪ್ಯೂಟರ್ ಬಡಿಯೋನು, ನನ್ನ ವಯಸ್ಸಿನಾಂವ. "ಅದಿ ಪನಿ ಚೇಯದನ್ನಾ" ಅಂದ. ಅದು ಕೆಲಸ ಮಾಡಂಗಿಲ್ಲಣ್ಣ. ಯಾವಾಗಿಂದ? ಸಂಕ್ರಾಂತಿಯಿಂದ. ಅಷ್ಟು ಆರಾಮಾಗಿ ಹೇಳಿದ, ಫ್ಯಾನ್ ಕೆಟ್ಟೈತಿ ಅಂತ ಹೇಳಿದಂಗ. ಮತ್ತ ರಿಪೋರ್ಟು? ಹಳೇ ತಿಂಗಳದ ಅಂಕಿ ತಗೀತೀನಿ, ಒಂಚೂರು ಹೆಚ್ಚೂ ಕಡಿಮಿ ಮಾಡ್ತೀನಿ, ಬಿಡ್ತೀನಿ ಅಂದ. ಬಚ್ಚಲದ ಬಾಜೂಕ ಕೆಂಪು ಪ್ಲಾಸ್ಟಿಕ್ ಬುಟ್ಟಿ. ಅದರಾಗ ನಳಗಿ. ನಮ್ಮ ನಳಗಿ! ಮಾರೆಪ್ಪ, ತುಳಸಮ್ಮ, ಎಲ್ಲಾ ನನ್ನ ಕೈಬರಹ. ರಕ್ತ ಒಣಗಿ ಕರ್‍ರಗ ಆಗಿತ್ತು. ಒಂದೂ ಬಿಚ್ಚಿರಲಿಲ್ಲ.

...ಯಾಕ? ಯಾಕ ಕೈ ನಿಂತ್ವು?

ಏನ್ ತಪ್ಪು ಹೇಳಿದೆ? ...ಡ್ಯಾಮು? ಹ್ಞಾಂ. ಶ್ರಾವಣದಾಗ ಡ್ಯಾಮ್ ತುಂಬಿರತೈತಿ, ಹೌದು. ಗೇಟ್ ಬಿಟ್ಟಿರ್ತಾರ, ಮಂದಿ ನೋಡಾಕ ಹೋಗ್ತಾರ... ಹೌದು. ಅದು... ಎರಡು ಸಲ ಹೋಗೀನಿ ಚಿಗವ್ವ. ಮೊದಲೊಮ್ಮೆ ಯುಗಾದಿ ಮುಂದ ಹೋಗಿದ್ದೆ, ಕೋಟಿನ ಕೆಲಸಕ್ಕ, ಹೊಸ ಕೋಟು ತರಾಕ. ಆವಾಗಿಂದು ಇದರಾಗ ಬೆರೀತು. ಬಿಸಿಲು ಆವಾಗಿಂದು. ಒಳಗ ನೋಡಿದ್ದು ಶ್ರಾವಣದಾಗ. ಮನಸು ಎಲ್ಲಾ ಕಲಸಿ ಹೋಗೈತಿ ನಂದು, ಪೋಲೀಸ್ರಿಗೆ ಹೇಳಿ ಹೇಳಿ ವಕೀಲರಿಗೆ ಹೇಳಿ ಹೇಳಿ. ನೀ ಅದನ್ನ ಹಿಡೀಬ್ಯಾಡ. ಬಡಿ, ರೊಟ್ಟಿ ಬಡಿ.

ಮುಂದಿಂದು ಕೇಳು. ಇದು ಕೇಳಬೇಕು ನೀ.

ಪುಕ್ಕಟೆ ಆಗಲಿಲ್ಲ ಇದೆಲ್ಲಾ. ಝಾನ್ಸಿ ಹೋಗಿ ಹನ್ನೊಂದನೇ ದಿನಕ್ಕ ಜಿಲ್ಲಾ ಆರೋಗ್ಯದವ್ರಿಗೆ ಫಿರ್ಯಾದಿ ಕಳಿಸಿದೆ. ಹೆಸರು ಹಾಕಲಿಲ್ಲ. ಮಿಷನ್ ಫೋಟೋ, ಬುಟ್ಟಿ ಫೋಟೋ, ಕಂಪ್ಯೂಟರಿನಾಗಿನ ಪಟ್ಟಿ, ಎಲ್ಲಾ ಹಚ್ಚಿದೆ. ನಾಕ್ ದಿನಾ ಆಗಿಲ್ಲ, ವಂಶಿ ಸಾರ್ ಫೋನು. "ಬ್ರದರ್, ನಿಮ್ಮ ಪತ್ರ ಓದಿದೆ" ಅಂದ! ಯಾರಿಗೆ ಕಳಿಸಿದ ಪತ್ರ, ಯಾರ ಕೈಯಾಗ ಹೋತು? ಯಾರು ಕೊಟ್ರು, ಹೆಂಗ ನನ್ನ ಹೆಸರು ಗೊತ್ತಾತು, ಇವತ್ತಿನ ತನಕ ಗೊತ್ತಿಲ್ಲ. "ಏಂ ಕಾದು, ಬಾ ಕುಂತು ಮಾತಾಡೂಣು" ಅಂದ. ಏನೂ ಆಗಂಗಿಲ್ಲಂತ. ನಾ ಹೋಗಲಿಲ್ಲ. ಮಾರನೇ ದಿನ ಸೆಂಟರಿಗೆ ಬ್ಯಾರೆ ಕೀಲಿ ಬಿದ್ದಿತ್ತು, ನನ್ನ ಕೋಟು ಒಳಗ ಉಳೀತು.

ಆಮ್ಯಾಲ ಪೇಪರಿನವ್ನ ಹತ್ರ ಹ್ವಾದೆ. ಅಂವ ಹಾಕಿದ, ದೊಡ್ಡ ಅಕ್ಷರದಾಗ. ನನ್ನ ಹೆಸರು ಹಾಕಬ್ಯಾಡ ಅಂದಿದ್ದೆ, ಹಾಕಿದ. ಆ ಪೇಪರಿಗೂ ನೋಟಿಸು ಹೋತು, ಮೂರನೇ ದಿನಕ್ಕ ಮೂಲ್ಯಾಗ ಸಣ್ಣಗ ತಪ್ಪಾತು ಅಂತ ಹಾಕ್ಕೊಂಡು ಕೈ ತೊಳಕೊಂಡ. ಪೇಪರಿನವ್ಗ ತಪ್ಪಾತು ಅನ್ನಾಕ ಜಾಗ ಐತಿ. ನನಗೆಲ್ಲೈತಿ?

ನನಗ ಬಂದ ನೋಟಿಸು ನೋಡಬೇಕು ನೀ. ಹದಿನಾಲ್ಕು ಪುಟ. ಕಂಪನಿ ಮಾನ ಕಳದಿ ಅಂತ ಒಂದು. ಏಳನೇ ಪುಟದ ಕರಾರು ಮುರದಿ ಅಂತ ಒಂದು. ಅವ್ರು ಕೇಳಿದ ಪರಿಹಾರ ನಾ ಏಳು ಜನ್ಮ ಎತ್ತಿ ಮಂದಿ ರಕ್ತ ತಗದ್ರೂ ಮುಟ್ಟಂಗಿಲ್ಲ. ಅದರ ಮ್ಯಾಲ ಗದ್ವಾಲ ಠಾಣ್ಯಾಗ ಕೇಸು. ಪೇಶಂಟ್ ಮಂದಿ ಹೆಸರು, ಫೋನ್ ನಂಬರು, ರೋಗ, ಎಲ್ಲಾ ಕದ್ದಾನ ಅಂತ. ನೋಡು ತಮಾಷಿ! ರಕ್ತನ ನೋಡಲಾರದ ರೋಗ ಬರದವ್ರಿಗೆ ಏನಿಲ್ಲ, ಆ ಪಟ್ಟಿ ಫೋಟೋ ಹೊಡದಾಂವ ಕಳ್ಳ. ಹಾಡಹಗಲೇ ಪೋಲೀಸ್ರು ಮನಿಗೆ ಬಂದ್ರು, ಫೋನ್ ಜಪ್ತಿ ಮಾಡಿದ್ರು, ನಮ್ಮವ್ವನ ಮುಂದ ಕಪಾಟು ತಗಸಿದ್ರು. ಶಿವಗಂಗಾ ಆವತ್ತ ಟ್ರಂಕ್ ತುಂಬಕೊಂಡು ತೌರಿಗೆ, ಮದ್ದೂರಿಗೆ ಹ್ವಾದ್ಲು. ಹೆಂಡತಿನ ಹಿಂಗ ಮಾಡಿದ್ರ... ಹೋಗೂ ಮುಂದ ಏನಂದ್ಲು ಗೊತ್ತೇನು? ನೀನು ಒಳ್ಳೇದಕ್ಕ ಮಾಡಿದ್ದಿದ್ರ ನಾ ಇಲ್ಲೇ ಇರ್ತಿದ್ದೆ ಅಂದ್ಲು. ಒಳ್ಳೇದಕ್ಕಲ್ಲದ ಮತ್ಯಾಕ ಮಾಡೀನಿ? ನೀನೇ ಹೇಳು.

...ಕಟಗಿ ಒಳಗ ತಳ್ಳು, ಬೆಂಕಿ ಆರೀತು.

ಒಂದ್ ದಿನ ಕರುಣಾ ಮೇಡಂ ಬಂದಿದ್ಲು. ಕಾರು ನಮ್ಮ ಓಣ್ಯಾಗ ಹಿಡೀಲಿಲ್ಲ, ಹನುಮಪ್ಪನ ಗುಡಿ ಹತ್ರ ಬಿಟ್ಟು ನಡಕೊಂಡು ಬಂದ್ಲು. ಇದೇ ಇಂಥಾದ್ದೊಂದು ಕಾಗದ ತಂದಿದ್ಲು. ನೌಕರಿ ಸಿಟ್ಟಿಗೆ ಸುಳ್ಳು ಹೇಳೀನಿ ಅಂತ ಬರದುಕೊಡು, ಎಲ್ಲಾ ಕೇಸು ವಾಪಸ್ ತಗೋತೀವಿ ಅಂದ್ಲು. ನಮ್ಮವ್ವ ನನ್ನ ಕಾಲು ಹಿಡಿಯಾಕ ಬಂದ್ಲು, ಮಾಡಿಬಿಡಪ್ಪಾ ಅಂತ. ನಾ ಮಾಡಲಿಲ್ಲ. ಕೇಳಿದ್ಯಾ? ಮಾಡಲಿಲ್ಲ! ಅದೊಂದರ ನನ್ನ ಲೆಕ್ಕಕ್ಕ ಬರ್ಕೋ ಚಿಗವ್ವ. ಹೋಗೂ ಮುಂದ ಮೇಡಂ ನನ್ನ ಮಾರಿ ನೋಡಿ ನಕ್ಕು ಒಂದ್ ಮಾತಂದ್ಲು... ಅದು ಬ್ಯಾಡ ಬಿಡು.

ಏನಂದ್ಲು ಅಂತ ನೀನರ ಯಾಕ ಕೇಳ್ತಿ. ಬ್ಯಾಡ.

ವಕೀಲಮ್ಮನ ಹತ್ರ ಹ್ವಾದಾಗ ಅಕಿ ಹಕೀಕತ್ ಎಲ್ಲಾ ಕೇಳಿ, ಕನ್ನಡಕ ತಗದು ಇಟ್ಲು. ಮೊದಲ ನನ್ನ ಕಡೆ ಬರಬೇಕಿತ್ತು, ಬಾಯಿ ಬಿಡೂದಕ್ಕಿಂತ ಮೊದಲ, ಅಂದ್ಲು. ನಾ ಕೇಳಿದೆ, ತಪ್ಪು ಕಂಡು ಹೇಳಿದವ್ರನ್ನ ಕಾಯಾಕ ಕಾನೂನು ಐತಂತಲ್ಲ? ಅದು ಸರ್ಕಾರಿ ಮಂದಿ ಮ್ಯಾಲ ಹೇಳಿದವ್ರಿಗಪ್ಪಾ, ನಿನ್ನಂಗ ಖಾಸಗಿ ಕಂಪನಿ ಮ್ಯಾಲ ಹೇಳಿದವ್ರಿಗೆ ಅಂಥಾ ನೆಳ್ಳಿಲ್ಲ ಅಂದ್ಲು. ಆತು, ನಾ ಹೇಳಿದ್ದು ಖರೇ ಐತಲ್ಲ? ಖರೇ ಮಾತಿಗೆ ಮಾನಹಾನಿ ಹೆಂಗ ಆಗ್ತೈತಿ? ಖರೇ ಅಂತ ನೀನೇ ರುಜುವಾತು ಮಾಡಬೇಕು ಅಂದ್ಲು. ಫೋಟೋ ಇದ್ದ ಫೋನು ಪೋಲೀಸ್ರ ಕಡೆ. ಮಿಷನು ಈಗ ಝಗಝಗ ನಡದೈತಂತ, ಸಾಯಿನಾಥ ನನ್ನ ನೋಡೇ ಇಲ್ಲ ಅಂತಾನಂತ.

ಆಮ್ಯಾಲ ಅಕಿನ ಹೇಳಿದ್ದು. ಇಂಥಾ ಕೇಸಿನಾಗ ಮೊದಲ ಬಾಯಿ ಬಿಟ್ಟಾಂವ ಸಾಕ್ಷಿ ಆಗ್ತಾನ, ಕಡೀಕ ಬಿಟ್ಟಾಂವ ಆರೋಪಿ ಆಗ್ತಾನ. ನೀ ಮೊದಲ ಬಿಟ್ಟಿ, ಚಲೋ. ಆದ್ರ ನೊಂದವ್ರು ಯಾರರ ನಿನ್ನ ಕಡೆ ನಿಂದ್ರಬೇಕು. ಯಾರದಾರ? ಅಂದ್ಲು. ನಾ ನಿನ್ನ ಹೆಸರು ಹೇಳಿದೆ. ಆಶಮ್ಮ ಅಂತ, ನಮ್ಮ ಓಣಿಯಾಕಿ, ಸಣ್ಣಂವ ಇದ್ದಾಗಿಂದ ಅಕಿ ಕೈರೊಟ್ಟಿ ತಿಂದೀನಿ, ನಿಂದ್ರತಾಳ ಅಂದೆ.

ನಿಂದ್ರತಿ ಹೌದಿಲ್ಲೋ?

ನನಗೋಸ್ಕರ ಅಲ್ಲ. ಝಾನ್ಸಿಗೋಸ್ಕರ. ಅವ್ರು ಮತ್ತ ಬ್ಯಾರೆ ಹೆಸರಿಲೆ ಮತ್ತೊಂದ್ ಊರಾಗ ಬೋರ್ಡ್ ಹಚ್ಚತಾರ ಚಿಗವ್ವ. ಮದ್ದೂರಾಗ ಈಗಾಗ್ಲೇ ಜಾಗ ನೋಡಿ ಹೋಗ್ಯಾರಂತ. ನಿಂದೊಂದು ಸಹಿ ಬಿದ್ರ ಅವ್ರನ್ನ ಕಟಕಟಿಗೆ ಎಳೀಬಹುದು. ಓದ್ತೀನಿ, ಕೇಳು. ಕೊಡಿಲ್ಲೆ ಆ ಕಾಗದ... ನಾನೇ ತಗೋತೀನಿ.

ಒಂದನೇದು. ನಾನು ಆಶಮ್ಮ, ಮಕ್ತಲ್ ನಿವಾಸಿ, ರೊಟ್ಟಿ ಮಾಡಿ ಜೀವನ ಮಾಡ್ತೀನಿ. ಖರೇ ಐತಿ. ಎರಡನೇದು. ನನ್ನ ಮಗಳು ಝಾನ್ಸಿ ಚುಕ್ಕ ಹೆಲ್ತ್ ಸೆಂಟರಿನಾಗ ರಕ್ತ ಪರೀಕ್ಷೆ ಮಾಡಿಸಿದ್ಲು. ಮೂರನೇದು. ರಿಪೋರ್ಟಿನಾಗ ಹನ್ನೊಂದು ಪಾಯಿಂಟ್ ನಾಲ್ಕು ಅಂತ ಕೊಟ್ರು, ಅದು ಸುಳ್ಳು. ನಾಲ್ಕನೇದು. ಈ ಸುಳ್ಳು ಅಂಕಿ ಗದ್ವಾಲದ ಲ್ಯಾಬಿನಾಗ, ವಂಶಿ ಮತ್ತು ಕರುಣಾ ಇವ್ರ ಹುಕುಮಿನ ಮ್ಯಾಲ ತಯಾರಾತು. ಆರನೇದು. ಸರಿಯಾದ ರಿಪೋರ್ಟ್ ಸಿಕ್ಕಿದ್ರ ನನ್ನ ಮಗಳು ಉಳೀತಿದ್ಲು. ಏಳನೇದು, ಮ್ಯಾಲೆ ಹೇಳಿದ್ದೆಲ್ಲಾ ಖರೇ. ಅಷ್ಟ. ಇಲ್ಲಿ ಕೆಳಗ ಸಹಿ.

ಪೆನ್ನು ತಗೋ.

...ಏನು? ಬೆರಳು ತಗಿ, ಹಿಟ್ಟಿನ ಕೈ, ಕಾಗದಕ್ಕ ಹತ್ತತೈತಿ. ಅದರ ಮ್ಯಾಲ್ಯಾಕ ಬೆರಳು ಇಟ್ಟಿ? ...ಎಣಿಸಿದ್ಯಾ? ನಾಲ್ಕಾದಮ್ಯಾಲ ಆರು ಅಂದ್ನೇನು? ಇರಬಹುದು. ಐದನೇದು ಅದು, ಕಾನೂನಿನ ಮಾತು. ಎಲ್ಲಾ ಕಾಗದದಾಗೂ ಹಾಕ್ತಾರ, ಏನಿಲ್ಲ ಅದರಾಗ. ನಿನಗ ತಿಳಿಯಂಗಿಲ್ಲ ಅಂತ ಬಿಟ್ಟೆ.

ಬೆರಳು ತಗಿ ಚಿಗವ್ವ.

ತಗೀವಲ್ಲಿ.

ಏನರ ಅನ್ನು! ಬೈಯಿ, ಎದ್ದು ಹೋಗಂತ ಅನ್ನು... ಅಷ್ಟೊತ್ತಿಂದ ನಾನೇ ಒದರಾಕತ್ತೀನಿ. ಒಂದ್ ಮಾತು ಕೇಳಿಲ್ಲ ನೀ. ಶರಣ್ಯಾ, ಅಕಿ ರಕ್ತ ತಗದಾಂವ ಯಾರೋ, ಅಂತ ಕೇಳಿಲ್ಲ. ಊರೆಲ್ಲಾ ಕೇಳ್ಯಾರ, ನೀ ಕೇಳಿಲ್ಲ. ಯಾಕ ಕೇಳಿಲ್ಲ? ...ಗೊತ್ತೈತಿ ನಿನಗ. ಝಾನ್ಸಿ ಮನಿಗೆ ಬಂದು ಹೇಳ್ಯಾಳ. ಹೌದಿಲ್ಲೋ? ಆವತ್ತ ಹೇಳ್ಯಾಳ. ಶರಣಬಸವಣ್ಣ ಕಣ್ಣು ಕೆಳಗ ಜಗ್ಗಿ ನೋಡಿದ, ರಾಜಗೀರಿ ಸೊಪ್ಪು ತಿನ್ನು, ಬೆಲ್ಲ ತಿನ್ನು, ಒಮ್ಮೆ ರಾಯಚೂರಿಗೂ ಹೋಗಿ ತೋರಿಸ್ಕೊಂಡು ಬಾ ಅಂದ ಅಂತ. ಅಷ್ಟು ಹೇಳೀನಿ ನಾ, ಖರೇವಂದ್ರೂ ಹೇಳೀನಿ! ಚಲೋ ಇದ್ದಾಕಿಗೆ ಹಂಗ ಯಾರು ಹೇಳ್ತಾರ ಅಂತ ನೀ ಎಷ್ಟು ದಿನ ಕುಂತು ವಿಚಾರ ಮಾಡಿಯೋ...

ಓದ್ತೀನಿ. ಐದನೇದು ಓದ್ತೀನಿ. "ಮಕ್ತಲ್ ಸೆಂಟರಿನ ಶರಣಬಸವ ಅವರಿಗೆ ಈ ಸುಳ್ಳಿನ ವಿಷಯ ಏನೂ ತಿಳಿದಿರಲಿಲ್ಲ, ನನ್ನ ಮಗಳ ರಿಪೋರ್ಟಿಗೂ ಅವರಿಗೂ ಸಂಬಂಧವಿಲ್ಲವೆಂದು ಅವಳ ತಾಯಿಯಾದ ನಾನು..." ತಾಯಿಯಾದ ನಾನು ಅಂತ ಐತಿ. ವಕೀಲಮ್ಮಂದಲ್ಲ ಇದು. ಅಕಿಗೆ ನಾ ಖರೇ ಸಂಗತಿ ಹೇಳೇ ಇಲ್ಲ. ನಾನೇ ಹೇಳಿ ಹಾಕಸೀನಿ.

ಯುಗಾದಿ ಮುಂದ ನೋಡೀನಿ ಚಿಗವ್ವ. ಮಿಷನ್ನೂ ನೋಡೀನಿ, ಬುಟ್ಟೀನೂ ನೋಡೀನಿ, ಫೋಟೋನೂ ಆವತ್ತ ಹೊಡದೀನಿ. ಒಮ್ಮೆನ ಹೋಗಿದ್ದು ನಾ ಗದ್ವಾಲಿಗೆ. ವಂಶಿಗೆ ಕೇಳಿದೆ. ಏಂ ಕಾದು ಅಂದ, ಮೂರು ತಾಲೂಕಿನ ಉಸ್ತುವಾರಿ ನಿನಗ ಕೊಡ್ತೀನಿ ಅಂದ. ಸುಮ್ಮನಾದೆ. ಆಮ್ಯಾಲ ಸಾಯಿನಾಥನ ಕೈಲೆ ಆಗದಷ್ಟು ಮಂದಿ ಬರಾಕತ್ರು. ಆವಾಗಿಂದ ಅಂಕಿ ಸೆಂಟರಿನವ್ರೇ ಹಾಕ್ರಿ ಅಂದ್ರು. ಮಂದೀನ ನೋಡಿ ಅಂದಾಜಿಲೆ. ರೋಗ ತೋರಿಸೂ ಕೆಂಪು ಅಂಕಿ ಹಾಕಿದ್ರ ಮೇಡಂ ಫೋನ್ ಬರ್ತಿತ್ತು. ಮೊನ್ನೆ ನಮ್ಮ ಓಣ್ಯಾಗ ನಿಂತು ಅದನ್ನ ಅಂದು ಹ್ವಾದ್ಲು ಅಕಿ, "ಅಂಕಿ ಹಾಕಿದ ಬೆರಳು ಯಾರದು ಶರಣಬಸವ?" ಅಂತ.

ಮಾರೆಪ್ಪಂದು ನನ್ನ ಬೆರಳು. ಝಾನ್ಸಿದೂ ನನ್ನ ಬೆರಳು.

ಹನ್ನೆರಡು ವರ್ಷ ರಕ್ತ ನೋಡೀನಿ ನಾ. ಅಕಿ ಬೆರಳು ಚುಚ್ಚಿದ ಕೂಡ್ಲೇ ಗೊತ್ತಾತು. ನೀರಿನಂಗ ಹರೀತು, ಬಣ್ಣನ ಇರಲಿಲ್ಲ. ಕಣ್ಣು ಜಗ್ಗಿ ನೋಡಿದೆ, ಒಳಗ ಬೆಳ್ಳಗ. ಆರರ ಮ್ಯಾಲ ಇರಾಕ ಸಾಧ್ಯ ಇಲ್ಲ ಅಂತ ಮನಸು ಹೇಳ್ತು. ಮಾರನೇ ದಿನ ಬೊಂಬಾಯಿಂದ ರೊಕ್ಕ ಹಾಕೂ ಮಂದಿ ಸೆಂಟರ್ ನೋಡಾಕ ಬರೋರಿದ್ರು, ಪರದೆ ಮ್ಯಾಲ ಕೆಂಪು ಕಾಣಬಾರದು ಅಂದಿದ್ರು. ಹನ್ನೊಂದರ ಕೆಳಗ ಹಾಕಿದ್ರ ಹಳದಿ ಆಗ್ತೈತಿ. ಹದಿಮೂರು ಹಾಕಿದ್ರ ಡಾಕ್ಟ್ರು ನಂಬಂಗಿಲ್ಲ. ಹನ್ನೊಂದು ಪಾಯಿಂಟ್ ನಾಲ್ಕು ಅಂದ್ರ ನಂಬತಾರ. ಕುಂತು ವಿಚಾರ ಮಾಡಿ ಹಾಕೀನಿ ಅದನ್ನ.

ಅಕಿ ಹೋದಮ್ಯಾಲ ಹನ್ನೊಂದು ದಿನ ವಕೀಲರ ಮಾತು ಫೋನಿನಾಗ ಹುಡುಕಿ ಹುಡುಕಿ ಓದೀನಿ. ಯಾರು ಮೊದಲ ಹೇಳ್ತಾರ ಅವ್ರು ಉಳೀತಾರ ಅಂತ ಇತ್ತು. ಅದಕ್ಕ ಹೇಳಿದೆ.

ರಕ್ತ ಕೊಟ್ಟ ಮಾರನೇ ದಿನ ಝಾನ್ಸಿ ಬಂದ್ಲು ನೋಡು, ರಿಪೋರ್ಟ್ ಬಂದ ಫೋನ್ ಹಿಡಕೊಂಡು. ಸೆಂಟರಿನಾಗ ಬೊಂಬಾಯಿ ಮಂದಿ ನಿಂತಿದ್ರು. ಇದು ನನಗ ತಿಳಿಯಂಗಿಲ್ಲ, ಚಲೋ ಐತೇನಣ್ಣಾ ಅಂತ ಕೇಳಿದ್ಲು.

ಚಲೋ ಐತವ್ವ, ಅಂದೆ.